ಬಂಡೆಯ ಮೇಲಿನ ಮೂರು ಬೊಟ್ಟು

ದೇವದುರ್ಗ
೬ ಜನವರಿ ೨೦೨೫

ಏನ್ರೀ,

ಜೈಭೀಮ್. ನಾನು ಇಲ್ಲಿ ಆರಾಮ. ಮಾನ್ವಿಯಲ್ಲಿ ನೀವೂ ಅತ್ತೆಯವರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಹಿಂದಿನ ವಾರವೇ ಬರೆಯಬೇಕಿತ್ತು, ಶಾಲೆಯ ಪರೀಕ್ಷೆಯ ಗಡಿಬಿಡಿಯಲ್ಲಿ ಹಿಂದೆ ಬಿತ್ತು. ಸಿಟ್ಟಾಗಬೇಡಿ. ಫೋನ್ ಇರುವಾಗ ಕಾಗದ ಯಾಕೆ ಎಂದು ಪ್ರತಿ ಸಲ ಕೇಳುತ್ತೀರಿ. ಫೋನಿನಲ್ಲಿ ನೀವು ಬರೀ ಹೂಂ ಅನ್ನುತ್ತೀರಿ. ಕಾಗದಕ್ಕೆ ಹಾಗೆ ಹೂಂ ಅಂದು ಮುಗಿಸಲು ಬರುವುದಿಲ್ಲ.

ನಿನ್ನೆ ಭಾನುವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೊಳೆಯವರೆಗೂ ಬಂದಿರಲ್ಲ, ಬಹಳ ಸಂತೋಷವಾಯಿತು. ಬೆಳಕಿಗಾಗಿ ಕಾಯುತ್ತ ನಾನು ಕಲ್ಲಿನ ಮುಂದೆ, ನೀವು ಅನ್ನಮ್ಮನ ಚಹಾದ ಹೋಟೆಲಿನ ಬೆಂಚಿನ ಮೇಲೆ. ನಿಮಗೆ ಬೇಸರವಾಯಿತೆಂದು ಗೊತ್ತು. ಬಸ್ಸು ಹತ್ತಿ ನೀವು ಕಿಟಕಿಯ ಆಚೆ ಮುಖ ಮಾಡಿ ಕೂತಿರಿ, ನಾನೂ ಕೆದಕಲಿಲ್ಲ. ಅತ್ತೆಯವರು ಮಾತ್ರ ಓಣಿಯಲ್ಲಿ ಕಂಡಕಂಡವರಿಗೆ "ನಮ್ಮ ಸೊಸಿ ಕಲ್ಲಿನ ಫೋಟೋ ತೆಗೀತಾಳ, ರಾಯಚೂರಾಗ ಗ್ವಾಡಿಗೆ ಹಚ್ಚತಾರ" ಎಂದು ಹೇಳಿಕೊಂಡು ಬರುತ್ತಾರಂತೆ. ನಗು ಬಂತು.

ಹೊಳೆಯ ಸುದ್ದಿ ಕೇಳಿ. ಆಷಾಢದಲ್ಲಿ ನಾನು ಮೊದಲ ಫೋಟೋ ತೆಗೆದಾಗ ನೀರಿನಲ್ಲಿ ಮುಳುಗಿದ್ದ ಕೊರಕಲೆಲ್ಲ ಈಗ ಬಯಲಾಗಿದೆ. ಎರಡು ಕಡೆ ಬಂಡೆ, ನಡುವೆ ಕೃಷ್ಣೆ ಸಣ್ಣಗೆ ಹರಿಯುತ್ತಾಳೆ. ನಾನು ಫೋಟೋ ತೆಗೆಯುವ ಆ ಒಂಟಿಗಲ್ಲು ಬುಡದವರೆಗೂ ಕಾಣುತ್ತದೆ. ಬೆಳಗಿನ ಜಾವ ಅದು ಬೂದಿ ಬಣ್ಣ. ಸೂರ್ಯ ಒಂದು ಮಾರು ಏರಿದರೆ ಬೆಲ್ಲದ ಬಣ್ಣ. ಮಧ್ಯಾಹ್ನ ಯಾವ ಬಣ್ಣವೂ ಇಲ್ಲದೆ ಮುಖ ಗಂಟಿಕ್ಕಿಕೊಂಡು ನಿಂತಿರುತ್ತದೆ. ಸಂಜೆ ಬಿಸಿಲು ಓರೆಯಾದಾಗ ತಾಮ್ರ. ಆಮೇಲೆ ಕಲ್ಲು ಕಪ್ಪಾದರೂ ಕೊರಕಲಿನ ನೀರು ಇನ್ನೂ ಸ್ವಲ್ಪ ಹೊತ್ತು ಬೆಳಕನ್ನು ಬಿಟ್ಟುಕೊಡುವುದಿಲ್ಲ. ನಿಮ್ಮ ಮಾನ್ವಿಯ ಗದ್ದೆಗೆ ಈ ಬುದ್ಧಿ ಎಲ್ಲಿಂದ ಬರಬೇಕು, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಒಂದೇ ಹಸಿರು.

ಇದನ್ನೆಲ್ಲ ಕೂದಲೆಳೆ ಆಚೀಚೆ ಆಗದಂತೆ ಒಂದೇ ಜಾಗದಿಂದ ತೆಗೆದರೆ ಮಾತ್ರ ಬೆಲೆ. ಮಾರ್ಚಿನಲ್ಲಿ ರಾಯಚೂರಿನ ಪ್ರದರ್ಶನದಲ್ಲಿ ನನಗೆ ಒಂದು ಇಡೀ ಗೋಡೆ ಬಿಟ್ಟಿದ್ದಾರೆ. ಬೇಸಿಗೆಯ ಮೊದಲ ಬಿಸಿಲಿನ ಫೋಟೋ ಒಂದು ಸಿಕ್ಕರೆ ಗೋಡೆ ತುಂಬಿತು. ಕ್ಯಾಮೆರಾದ ಸ್ಟ್ಯಾಂಡಿನ ಮೂರು ಕಾಲು ಊರುವ ಕಡೆ ಹಾಸುಬಂಡೆಯ ಮೇಲೆ ಗುರುತು ಮಾಡಿರುವುದು ಅದಕ್ಕೇ. ಮೊದಲು ಶಾಲೆಯ ಸೀಮೆಸುಣ್ಣದಲ್ಲಿ ಮಾಡಿದ್ದೆ, ಕುರಿಗಳು ತುಳಿದು ಅಳಿಸಿದವು. ಆಮೇಲೆ ಸಂತೆಯಿಂದ ಒಂದು ಪೊಟ್ಟಣ ಕುಂಕುಮ ತಂದು ಎಣ್ಣೆಯಲ್ಲಿ ಕಲಸಿ ಮೂರು ಬೊಟ್ಟು ಇಟ್ಟೆ. ನಾನು ಬಾಡಿಗೆಗಿರುವ ಮನೆಯ ಖುರ್ಷೀದ್ ಬೇಗಂ ನೋಡಿ, "ನಿಮ್ಮ ಮನ್ಯಾಗ ಕುಂಕುಮ ಇಡಂಗಿಲ್ಲ ಅಂದಿದ್ದಿಯಲ್ಲ ಬೇಟಿ" ಎಂದು ನಕ್ಕರು. "ಹಚ್ಚಿಕೊಳ್ಳಾಕ ಅಲ್ರೀ, ಬಂಡಿಗಲ್ಲಿಗೆ" ಅಂದೆ. ಅವರ ನಗು ಅಲ್ಲೇ ನಿಂತಿತು.

ಊರವರ ನೋಟ ಮಾತ್ರ ಸರಿಯಿಲ್ಲ. ಹರಿಗೋಲು ಹಾಕುವ ಹುಲಿಗೆಪ್ಪ ದಿನಾ ಕೇಳುತ್ತಾನೆ: "ಟೀಚರಮ್ಮಾ, ನಿನ್ನಿ ಇದ್ದ ಕಲ್ಲ ಇವತ್ತೂ ಅದ. ಮತ್ಯಾಕ ತೆಗೀತೀರಿ?" ಬೆಳಕು ಬೇರೆ ಎಂದೆ. "ಬೆಳಕ ತೊಗೊಂಡು ಏನ್ ಮಾಡ್ತೀರಿ?" ಅಂದ. ಎಳ್ಳಮಾವಾಸ್ಯೆಯ ರಜೆಯಲ್ಲಿ ಎಲ್ಲರೂ ಭೂತಾಯಿಗೆ ಎಡೆ ಕೊಟ್ಟು ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದರು, ನಾನು ಬಂಡೆಯ ಮೇಲೆ ಕೂತು ಲಿಂಬಿಹಣ್ಣು ಹಿಂಡಿಕೊಂಡು ನೀರು ಕುಡಿಯುತ್ತಿದ್ದೆ. ದೂರದಿಂದ ಎಲ್ಲರೂ ನನ್ನನ್ನೇ ನೋಡಿದರು. ಮರುದಿನ ಹೋದರೆ ಒಂದು ಬೊಟ್ಟನ್ನು ಯಾರೋ ಬೆರಳಿನಿಂದ ತೀಡಿದ್ದರು. ಹುಲಿಗೆಪ್ಪನದೇ ಕೆಲಸ ಎಂದು ನನ್ನ ಅನುಮಾನ. ಹಾಲು ನೀರಾಗಿದ್ದರೆ ಎಮ್ಮೆಯನ್ನೇ ಅನುಮಾನಿಸುವವಳು ಎಂದು ನೀವು ನಗುತ್ತೀರಿ. ನಗಿ.

ನಿಮ್ಮ
ಉಮಾ

*

ದೇವದುರ್ಗ
೩ ಫೆಬ್ರವರಿ ೨೦೨೫

ಏನ್ರೀ,

ಆರಾಮ ಎಂದು ಬರೆಯಲು ಕೈ ಬರುತ್ತಿಲ್ಲ. ಒಂಟಿಗಲ್ಲು ಬಿತ್ತು.

ನಿನ್ನೆ ಬೆಳಿಗ್ಗೆ ಹೋದೆ. ಮೂರು ಬೊಟ್ಟೂ ಇದ್ದಲ್ಲೇ ಇದ್ದವು. ಸ್ಟ್ಯಾಂಡ್ ಊರಿ ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ನಡುವೆ ಬರೀ ಆಕಾಶ. ತಪ್ಪು ಕಡೆ ತಿರುಗಿಸಿದ್ದೇನೆ ಎಂದುಕೊಂಡು ಕಾಲುಗಳನ್ನು ಮತ್ತೆ ಬೊಟ್ಟಿನ ಮೇಲೆ ಸರಿಮಾಡಿದೆ. ಆಮೇಲೆ ತಲೆ ಎತ್ತಿ ನೋಡಿದೆ. ಕಲ್ಲು ನಿಂತಿದ್ದ ಜಾಗದಲ್ಲಿ ಆಳುದ್ದದ ಗುಂಡಿ. ಸುತ್ತ ಹಾರೆಯ ಏಟಿನ ಗುರುತು, ಒಡೆದ ತೆಂಗಿನಕಾಯಿ, ಹೂವು. ಬುಡ ಸಡಿಲಾಗಿ ಕಲ್ಲು ಮಗುಚಿಕೊಂಡು ಕೊರಕಲಿಗೆ ಅಡ್ಡ ಬಿದ್ದಿದೆ.

ನಿಧಿಗಾಗಿ ಅಗೆದಿದ್ದಾರೆ, ರೀ. ಸ್ಟ್ಯಾಂಡಿನ ಒಂದು ಕಾಲು ಮುಂದೆ, ಎರಡು ಹಿಂದೆ. ಆ ಮುಂದಿನ ಬೊಟ್ಟು ನೇರ ಒಂಟಿಗಲ್ಲಿನ ಕಡೆ ಬೆರಳು ಮಾಡಿ ತೋರಿಸಿದ ಹಾಗಿತ್ತು. ಬಂಡೆಯ ಮೇಲೆ ಕುಂಕುಮ, ಅಮಾವಾಸ್ಯೆಯ ದಿನ ನಾನು ಅಲ್ಲೇ ಬಿಟ್ಟುಬಂದ ಲಿಂಬಿಹಣ್ಣಿನ ಹೋಳು, ಹೊತ್ತು ಹುಟ್ಟುವಾಗ ಮುಳುಗುವಾಗ ಒಬ್ಬಳೇ ಕಲ್ಲಿನ ಎದುರು ನಿಲ್ಲುವ ಹೆಂಗಸು. ಎಲ್ಲ ಕೂಡಿಸಿ ನೋಡಿದರೆ ನನಗೇ ನನ್ನ ಮೇಲೆ ಅನುಮಾನ ಬರುತ್ತದೆ. ಮನೆಯಲ್ಲಿ ಊದುಬತ್ತಿಯನ್ನೂ ಹಚ್ಚದವಳನ್ನು ಮಾಟಗಾತಿ ಮಾಡಿದರು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರಲ್ಲ, ಇವರಿಗೆ ಇಲಿಯೂ ಸಿಗಲಿಲ್ಲ. ನನ್ನ ಗೋಡೆ ಮಾತ್ರ ಹೋಯಿತು. ಕೊನೆಯ ಒಂದು ಫೋಟೋ ಬಾಕಿ ಇತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

ಆದರೆ ಇಷ್ಟು ತಿಂಗಳು ಸುಮ್ಮನೆ ನೋಡಿಕೊಂಡಿದ್ದವರು ಈಗ ಯಾಕೆ ಹಾರೆ ಹಿಡಿದರು? ಯಾರೋ ನಂಬಿಸಿದ್ದಾರೆ. ಹುಲಿಗೆಪ್ಪನನ್ನು ನಿಲ್ಲಿಸಿ ಕೇಳಿದೆ. "ನನ್ನ ಯಾಕ ಕೇಳ್ತೀರಿ, ನಾ ನೀರಿನ ಮ್ಯಾಲಿನ ಮನಷ್ಯಾ" ಎಂದು ಹುಟ್ಟು ಹಾಕಿಕೊಂಡು ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗಿತ್ತು ಅವನ ಮುಖ. ಪಂಚಾಂಗ ನೋಡುವ ಮಹಾಂತಯ್ಯನ ಮೇಲೂ ನನಗೆ ಅನುಮಾನ. ತೆಂಗಿನಕಾಯಿ ಒಡೆದವನು ಅವನಲ್ಲದೆ ಇನ್ಯಾರು. ಅನ್ನಮ್ಮನ ಹೋಟೆಲಿಗೆ ನಾನು ಕಾಲಿಟ್ಟರೆ ಮಾತೆಲ್ಲ ನಿಲ್ಲುತ್ತದೆ. ಅವಳು ನನ್ನನ್ನು ನೋಡುವ ರೀತಿ ಇನ್ನೂ ವಿಚಿತ್ರ, ಮನೆಯಲ್ಲಿ ಸಾವಾದವರನ್ನು ನೋಡಿದ ಹಾಗೆ ಕನಿಕರದಿಂದ ನೋಡುತ್ತಾಳೆ.

ರಾತ್ರಿ ಊಟ ಸೇರಲಿಲ್ಲ. "ಮನಸ್ಸಿನ್ಯಾಗ ಶಕ್ ಇಟ್ಕೊಂಡು ಉಂಡ್ರ ಮೈಗೆ ಹತ್ತಂಗಿಲ್ಲ ಬೇಟಿ. ಹೋಗಿ ಕೇಳಿಬಿಡು" ಅಂದರು ಖುರ್ಷೀದ್ ಬೇಗಂ. ಕೇಳುತ್ತೇನೆ. ಹೇಳಿದವರು ಯಾರೆಂದು ತಿಳಿಯದೆ ನನಗೆ ಸಮಾಧಾನವಿಲ್ಲ.

ನಿಮ್ಮ
ಉಮಾ

*

ದೇವದುರ್ಗ
೨೦ ಫೆಬ್ರವರಿ ೨೦೨೫

ಏನ್ರೀ,

ಜೈಭೀಮ್. ಮೈಯಲ್ಲಿ ಆರಾಮ ಇದ್ದೇನೆ. ಈ ಸಲ ತಡವಾದದ್ದಕ್ಕೆ ಶಾಲೆಯ ನೆಪ ಹೇಳುವುದಿಲ್ಲ. ಪೆನ್ನು ಹಿಡಿದು ಹಿಡಿದು ಕೆಳಗಿಟ್ಟೆ.

ಅನ್ನಮ್ಮನ ಹೋಟೆಲಿಗೆ ಜಗಳ ಆಡಬೇಕೆಂದೇ ಹೋದೆ. ನಾನು ಬಾಯಿ ಬಿಡುವ ಮೊದಲೇ ಅವಳು ಬೆಂಚು ಒರೆಸಿ, "ಕುಂದ್ರಿ ಯವ್ವಾ. ನೀವು ಬಂದು ಕೇಳ್ತೀರಿ ಅಂತ ಗೊತ್ತಿತ್ತು" ಅಂದಳು. ಯಾರು ಹೇಳಿದರೆಂದು ತಿಳಿಯಿತು. ಹುಲಿಗೆಪ್ಪನಲ್ಲ. ಅವನು ಬೊಟ್ಟನ್ನು ಮುಟ್ಟಿದ್ದು ನಿಜ, "ರಕ್ತ ಏನೋ ಅಂತ ಮೂಸಿ ನೋಡಿದ್ನಿ" ಎಂದು ಒಪ್ಪಿಕೊಂಡ. ಮಹಾಂತಯ್ಯ ತೆಂಗಿನಕಾಯಿ ಒಡೆದದ್ದೂ ನಿಜ. ಆದರೆ ಮಾತು ಹುಟ್ಟಿದ್ದು ಅವರ ಬಾಯಲ್ಲಿ ಅಲ್ಲ. ಅದನ್ನು ಈಗ ಬರೆಯಲಾರೆ.

ಇನ್ನೊಂದು ಸುದ್ದಿ ಇದೆ. ಗೋಡೆ ಪೂರ್ತಿಯಾಯಿತು. ಹೋದ ಭಾನುವಾರ ಸಂಜೆ ಅದೇ ಮೂರು ಬೊಟ್ಟಿನ ಮೇಲೆ ಸ್ಟ್ಯಾಂಡ್ ಊರಿದೆ. ಒಂಟಿಗಲ್ಲು ಇದ್ದಾಗ ಅದರ ಹಿಂದೆ ಕೊರಕಲಿನ ಗೋಡೆ ಸದಾ ನೆರಳಿನಲ್ಲಿ ಇರುತ್ತಿತ್ತು. ಈಗ ಅಡ್ಡ ಏನೂ ಇಲ್ಲ. ಓರೆ ಬಿಸಿಲು ಒಳಗೆ ನುಗ್ಗಿ, ಎಂದೂ ಬೆಳಕು ಕಾಣದ ಬಂಡೆ ಕೆಂಪಗೆ ಹೊತ್ತಿಕೊಂಡಿತು. ಬಿದ್ದ ಕಲ್ಲಿಗೆ ತಡೆದು ನಿಂತ ನೀರಿನಲ್ಲಿ ಆ ಕೆಂಪು ಮತ್ತೊಮ್ಮೆ ಕಂಡಿತು. ಆರು ತಿಂಗಳು ಅಲ್ಲಿ ನಿಂತರೂ ನಾನು ಅದನ್ನು ನೋಡಿರಲಿಲ್ಲ. ಖುಷಿಪಡಬೇಕೋ ಬೇಡವೋ ತಿಳಿಯದೆ ಬಟನ್ ಒತ್ತಿದೆ.

ಅಷ್ಟರಲ್ಲಿ ಮಹಾಂತಯ್ಯ ಗುಂಡಿಯ ಪಕ್ಕ ಬಂದು ಕೈಕಟ್ಟಿ ನಿಂತ. ಬೈಯುತ್ತೇನೆ ಎಂದುಕೊಂಡಿದ್ದನೋ ಏನೋ. "ತಪ್ಪಾತು ಟೀಚರಮ್ಮಾ. ಫೋಟೋದಾಗ ನಾನು ಬರಾಕತ್ತೀನೇನು? ಬಾಜೂಕ ಸರೀಲೇನು?" ಎಂದು ಕೇಳಿದ. "ಅಲ್ಲೇ ನಿಲ್ರಿ" ಅಂದೆ. ಹುಲಿಗೆಪ್ಪನೂ ಓಡಿ ಬಂದು ನಿಂತ. ಮತ್ತೊಮ್ಮೆ ಬಟನ್ ಒತ್ತಿದೆ. ಹಾಗೆ ನನ್ನ ಗೋಡೆಯ ಕೊನೆಯ ಚಿತ್ರದಲ್ಲಿ ಕಲ್ಲಿನ ಬದಲು ಇಬ್ಬರು ಮನುಷ್ಯರು, ಒಂದು ಗುಂಡಿ ಇವೆ. ಬರುವ ಜನ ಕಾರಣ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಪ್ರದರ್ಶನ ಮಾರ್ಚ್ ಎಂಟಕ್ಕೆ ಶುರು, ಶನಿವಾರ. ಅತ್ತೆಯವರ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ತಿಕ್ಕಿಕೊಳ್ಳಲು ಹೇಳಿ. ಅವರ ಕಾಲಿಗೆ ನನ್ನ ನಮಸ್ಕಾರ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿ, ಚೆನ್ನಾಗಿರಿ. ಬೈಯುತ್ತಲಾದರೂ ನಾನು ಹಾರೈಸುವುದು ಅದನ್ನೇ.

ನಿಮ್ಮ
ಉಮಾ

ತಾ.ಕ.: ಅನ್ನಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಬೊಟ್ಟು ನೋಡಿದ್ವಿ, ಲಿಂಬಿಹಣ್ಣು ನೋಡಿದ್ವಿ. ಆದ್ರೂ ಟೀಚರಮ್ಮ ಅಂತ ಸುಮ್ಮನಿದ್ವಿ. ಆ ಭಾನುವಾರ ನಿಮ್ಮ ಯಜಮಾನ್ರು ಇದ ಬೆಂಚಿನ ಮ್ಯಾಲ ಕುಂತಿದ್ರು. ನಿಮ್ಮ ಮನಿಯವರು ಅಲ್ಲೇನ್ ಮಾಡಾಕತ್ತಾರ್ರೀ ಅಂತ ಮಹಾಂತಯ್ಯ ಕೇಳಿದ. ಅವರು ತಲಿ ತಗ್ಗಿಸಿ ನಕ್ಕು, ನಿಧಿ ಹುಡಕಾಕತ್ತಾಳ ಅಂದ್ರು. ಗಂಡನ ಬಾಯಿಲೆ ಬಂದ ಮ್ಯಾಲ ನಾವು ಹೆಂಗ ನಂಬಬಾರದು, ನೀವ ಹೇಳ್ರಿ."

ಕಲ್ಲು ಬಿದ್ದ ಕಾಗದ ಮುಟ್ಟಿದ ದಿನ ನೀವು ಫೋನ್ ಮಾಡಿದಿರಿ. ನಾನು ಏನೂ ಕೇಳದಿದ್ದರೂ "ನಾ ಯಾರ ಮುಂದೂ ಏನೂ ಅಂದಿಲ್ಲ" ಎಂದಿರಿ. ಊರನ್ನೆಲ್ಲ ಅನುಮಾನಿಸುವವಳು ಆ ಮಾತನ್ನು ಮಾತ್ರ ಅನುಮಾನಿಸಲಿಲ್ಲ. ನೀವು ನಗೆಯಾಡಿದ್ದು ಎಂದು ನನಗೆ ಗೊತ್ತು, ಕಲ್ಲಿನ ಲೆಕ್ಕವನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಆದರೆ ಫೋಟೋ ತೆಗೆಯುತ್ತಾಳೆ ಎಂದರೆ ಆಗುತ್ತಿತ್ತು. ಅಷ್ಟು ಹೇಳಲು ನಿಮಗೆ ನಾಚಿಕೆಯಾಯಿತು. ತಲೆ ತಗ್ಗಿಸಿದಿರಂತಲ್ಲ, ನನಗೆ ನೋವಾದದ್ದು ಅದು.

ರಾಯಚೂರಿನಲ್ಲಿ ನನ್ನ ಗೋಡೆಯ ಮುಂದೆ ನಿಂತಾಗ, ಇದನ್ನು ಯಾರು ತೆಗೆದದ್ದು ಎಂದು ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ. ತಲೆ ಎತ್ತಿ ಹೇಳುವುದಾದರೆ ಬನ್ನಿ. ಆಗದಿದ್ದರೆ ಅತ್ತೆಯವರನ್ನು ಬಸ್ಸು ಹತ್ತಿಸಿ ಕಳಿಸಿ, ಅವರು ಹೇಳುತ್ತಾರೆ.