ಎಲ್ಲರ ಮೈಮೇಲೂ ಅದೇ ಕೋಟು

ಲೇರ್, ಪೂರ್ವ ಫ್ರೀಸ್‌ಲ್ಯಾಂಡ್
೯ ನವೆಂಬರ್ ೧೯೮೩

ಪ್ರೀತಿಯ ತಂಗಿ ವೀಬ್ಕೆ,

ನಿನ್ನ ಸೊಂಟನೋವು ಈಗ ಹೇಗಿದೆ? ರೈನರ್ ಈ ಚಳಿಯಲ್ಲೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದಾನೆಯೇ? ನಿಮ್ಮ ಆಖೆನ್‌ನ ನೀರಿಗೆ ಚಹಾ ಕುದುರುವುದಿಲ್ಲ ಎಂದು ಅಮ್ಮ ಗೊಣಗುತ್ತಿರಬೇಕು. ಗೊಣಗಲಿ, ಗೊಣಗುತ್ತಿದ್ದರೆ ಆರೋಗ್ಯವಾಗಿದ್ದಾಳೆ ಎಂದೇ ಅರ್ಥ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಚೆನ್ನಾಗಿಲ್ಲ. ನಿನ್ನೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಪಕ್ಕದ ಮನೆಯ ಆಂಟ್ಯೆ ಅಕ್ಕನಲ್ಲಿ ಒಂದೇ ಬಟ್ಟಲು ಚಹಾ ಕುಡಿದು ಎದ್ದುಬಿಟ್ಟೆ. ಮೂರನೆಯ ಬಟ್ಟಲಿಗೆ ಮುಂಚೆ ಎದ್ದವನಿಗೆ ನಮ್ಮಲ್ಲಿ ಎಷ್ಟು ಮರ್ಯಾದೆ ಎಂದು ನಿನಗೆ ಗೊತ್ತಲ್ಲ! "ಯಾಕೋ ಫೋಲ್ಕರ್ಟ್, ನನ್ ಚಾದಲ್ಲಿ ಇಲಿ ಬಿದ್ದಿತ್ತೇನೋ?" ಎಂದು ಬಾಗಿಲವರೆಗೂ ಬಂದು ಕೂಗಿದಳು.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ಮನೆಯಲ್ಲಿ ಫೋನಿಗೆ ಓಡುವವಳು ಈಗ ಅಮ್ಮ. ನನ್ನ ದನಿ ಕೇಳಿದರೆ ಸಾಕು, ಹೊಟ್ಟೆಯೊಳಗಿರುವುದನ್ನೆಲ್ಲ ಕಕ್ಕಿಸುತ್ತಾಳೆ. ಅದಕ್ಕೇ ಈ ಕಾಗದ. ಅವಳು ಪಕ್ಕದಲ್ಲಿದ್ದರೆ ಮಡಚಿಟ್ಟು ಆಮೇಲೆ ಓದು.

ಅಜ್ಜನ ಫೋಟೊ ಕಾರ್ಡಿನ ವಿಷಯ. ಅಮ್ಮ ಹುಟ್ಟುವ ಮೊದಲೇ, ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನಲ್ಲಿ ಕಾಣೆಯಾದ ಅಪ್ಪನದೆಂದು ಅವಳ ಹತ್ತಿರ ಇರುವುದು ಅದೊಂದೇ. ಅಂಚೆಯಲ್ಲಿ ಬಂದದ್ದೂ ಅಲ್ಲ, ರೈಲು ಹತ್ತುವ ದಿನ ಅಜ್ಜಿಯ ಕೈಗೇ ಕೊಟ್ಟದ್ದು. ಹಿಂದೆ ಒಂದೇ ಸಾಲು: "ಹಂದಿಯನ್ನು ಈಗಲೇ ಮಾರಬೇಡ. ಓಕ್ಕೊ." ಸೈನ್ಯದ ಕಾಗದಪತ್ರಗಳೆಲ್ಲ ಮುಂದಿನ ಯುದ್ಧದಲ್ಲಿ ಸುಟ್ಟುಹೋದವು. ಹಾಗಾಗಿ ನಾನು ಎರಡು ವರ್ಷ ಭೂತಗನ್ನಡಿ ಹಿಡಿದು ಆ ಕಾರ್ಡನ್ನೇ ನೋಡಿದೆ. ಭುಜಪಟ್ಟಿಯ ಮೇಲೆ ೯೧ ಎಂದು ಓದಿಕೊಂಡೆ, ಅದು ಅಜ್ಜನ ದಳದ ಅಂಕಿ ಎಂದುಕೊಂಡೆ, ಎಲ್ಲೆಲ್ಲಿಗೋ ಬರೆದೆ. ಕೊನೆಗೆ ಅದೇ ದಳದ, ಓಕ್ಕೊ ಯಾನ್ಸನ್ ಎಂಬ ನಮ್ಮ ಅಜ್ಜನ ಹೆಸರಿಗೆ ಹೊಂದುವ "ಓ. ಯಾನ್ಸನ್" ಒಬ್ಬನ ಸಮಾಧಿ ಫ್ರಾನ್ಸಿನಲ್ಲಿ ಸಿಕ್ಕಿತು. ಆ ದಿನ ನಾನು ಅಮ್ಮನನ್ನು ಎತ್ತಿಕೊಂಡು ಅಡುಗೆಮನೆಯ ತುಂಬ ಕುಣಿದದ್ದನ್ನು ನಿನಗೆ ಹೇಳಿದ್ದೇನಲ್ಲ.

ಅದು ಅವಳಿಗೆ ಎಂಥದ್ದು ಎಂದು ನಮ್ಮಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪ್ರತಿ ವರ್ಷ ನವೆಂಬರಿನ ಸತ್ತವರ ಭಾನುವಾರ ಊರಿಗೆ ಊರೇ ಹಾರ ಹಿಡಿದು ಸ್ಮಶಾನಕ್ಕೆ ಹೋಗುತ್ತದೆ. ಅಮ್ಮ ಎರಡು ಹಾರ ಕಟ್ಟಿಸುತ್ತಿದ್ದಳು. ಒಂದನ್ನು ನಮ್ಮ ಅಪ್ಪನ ಸಮಾಧಿಗೆ ಇಟ್ಟು, ತನ್ನ ಅಪ್ಪನದನ್ನು ವಾಪಸು ತಂದು ಅಡುಗೆಮನೆಯ ಮೊಳೆಗೆ ನೇತುಹಾಕುತ್ತಿದ್ದಳು. ಕ್ರಿಸ್ಮಸ್ಸಿನವರೆಗೂ ಅದು ಅಲ್ಲೇ ಒಣಗುತ್ತಿತ್ತು. ಈ ಸಲ ನೀನು ಅಮ್ಮನನ್ನು ಫ್ರಾನ್ಸಿನ ಆ ಸಮಾಧಿಗೆ ಕರೆದೊಯ್ಯುತ್ತೀ, ಆ ಹಾರ ವಾಪಸು ಬರುವುದಿಲ್ಲ ಎಂದು ನಾನು ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ.

ನಿನ್ನೆ ಚರ್ಚಿನ ಪಕ್ಕದ ಹಾಲ್‌ನಲ್ಲಿ ಪಾದ್ರಿಗಳು ಊರವರ ಹಳೆಯ ಸೈನಿಕರ ಚಿತ್ರಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಿಸಿದರು. ನಾನೂ ನಮ್ಮ ಅಜ್ಜನನ್ನು ಜೇಬಿನಲ್ಲಿಟ್ಟುಕೊಂಡು ಜಂಬದಿಂದ ಹೋದೆ. ನೋಡುತ್ತೇನೆ, ಅಲ್ಲಿ ಅರ್ಧ ಊರು ಅಜ್ಜನ ಕೋಟು ಹಾಕಿಕೊಂಡು ನಿಂತಿದೆ! ಅದೇ ೯೧, ಅದೇ ಸೊಟ್ಟ ಹೊಲಿದ ಎರಡನೆಯ ಗುಂಡಿ, ಕಾಲರಿನಲ್ಲಿ ಅದೇ ನುಸಿ ತಿಂದ ತೂತು. ಮುದುಕ ಹಾರ್ಮ್ ತನ್ನ ಅಪ್ಪನ ಕಾರ್ಡು ಎತ್ತಿ ಹಿಡಿದು, "ಅಯ್ಯೋ, ಜೀವಮಾನವೆಲ್ಲ ಯುದ್ಧದ ಹಡಗಲ್ಲಿದ್ದೋನು ಇವನು, ಕಾಲಾಳಿನ ಕೋಟು ಯಾವಾಗ ಹಾಕ್ಕೊಂಡ್ನಪ್ಪಾ?" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಮಾತ್ರ ಅಜ್ಜನನ್ನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಹುಡುಗರು ಹೊಲದ ಬಟ್ಟೆಯಲ್ಲೇ ರೈಲು ಹತ್ತುತ್ತಿದ್ದರು, ಸಮವಸ್ತ್ರ ಸಿಗುತ್ತಿದ್ದದ್ದು ಆಮೇಲೆ. ಮನೆಯವರಿಗೋ ಸಿಪಾಯಿಯ ಚಿತ್ರವೇ ಬೇಕು. ಸ್ಟೇಷನ್ನಿನ ಎದುರಿನ ಫೋಟೊದವನು ಗೂಟಕ್ಕೆ ಒಂದು ಕೋಟು ನೇತುಹಾಕಿಕೊಂಡು ಬಂದವರಿಗೆಲ್ಲ ಅದನ್ನೇ ತೊಡಿಸಿದ್ದಾನೆ. ೯೧ ಅಜ್ಜನ ಅಂಕಿಯಲ್ಲ, ಆ ಗೂಟದ ಅಂಕಿ. ಇನ್ನು "ಓ. ಯಾನ್ಸನ್" ಎಂಬ ಹೆಸರು! ನಮ್ಮ ಸೀಮೆಯಲ್ಲಿ ಕಲ್ಲೆಸೆದರೆ ಯಾನ್ಸನ್‌ಗಳ ತಲೆಗೇ ಬೀಳುತ್ತದೆ. ಓಟ್ಟೊ ಇರಬಹುದು, ಓನ್ನೊ ಇರಬಹುದು.

ಈಗ ಏನು ಮಾಡಲಿ? ಹೇಳಿದರೆ ಹಾರ ಮತ್ತೆ ಮೊಳೆಗೆ. ಹೇಳದಿದ್ದರೆ ಅಮ್ಮ ಗುರುತಿಲ್ಲದವನ ಕಲ್ಲಿನ ಮುಂದೆ ಅಪ್ಪಾ ಎಂದು ಅಳುತ್ತಾಳೆ, ಅದನ್ನು ನೆನೆದರೇ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಕಾರ್ಡನ್ನು ಡ್ರಾಯರಿನಲ್ಲಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ವೀಬ್ಕೆ, ನೀನೇ ಹೇಳಿಬಿಡು, ಹೊರಡುವ ಮೊದಲೇ ಹೇಳು. ನನಗೆ ಆ ಧೈರ್ಯವಿಲ್ಲ.

ರೈನರ್‌ಗೆ ನನ್ನ ನೆನಪು ತಿಳಿಸು. ಚಳಿಯಲ್ಲಿ ಸೊಂಟ ಜೋಪಾನ. ದೇವರು ನಿಮ್ಮನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಣ್ಣ,
ಫೋಲ್ಕರ್ಟ್

ಮತ್ತೆ: ತಡೆ, ಏನೂ ಹೇಳಬೇಡ! ಅಂಚೆಪೆಟ್ಟಿಗೆಗೆ ಹೋಗುವಾಗ ಹೂವಿನಂಗಡಿಯ ತೇಡಾ ಕರೆದಳು, ಅವಳ ಮೇಜಿನ ಮೇಲೇ ಇದನ್ನು ಗೀಚುತ್ತಿದ್ದೇನೆ. ಹಾರದ ರಿಬ್ಬನ್ನಿನ ಮೇಲೆ "ನನ್ನ ಅಪ್ಪನಿಗೆ, ಗೆಶೆ" ಎಂದು ಅಮ್ಮನ ಹೆಸರಿನಲ್ಲಿ ನಾನು ಬರೆಸಿದ್ದೆನಲ್ಲ, ಅಮ್ಮ ಇಲ್ಲಿಂದ ನಿನ್ನಲ್ಲಿಗೆ ಹೊರಡುವ ಹಿಂದಿನ ದಿನ ಬಂದು ಅದನ್ನು ಬದಲಾಯಿಸಿಕೊಂಡು ಹೋದಳಂತೆ. "ಆ ಕೋಟಿನ ತೋಳು ಗಿಡ್ಡ ಕಣೇ ತೇಡಾ, ಅದು ಅವರದ್ದಲ್ಲ ಅಂತ ನಮ್ಮಮ್ಮ ಯಾವಾಗ್ಲೂ ನಗ್ತಿದ್ಲು. ನಮ್ ಹುಡ್ಗ ಕಣ್ಣು ಹಾಳುಮಾಡ್ಕೊಂಡು ಹುಡುಕಿದಾನೆ, ಪಾಪ, ಅವನಿಗೆ ಹೇಳ್ಬೇಡ" ಎಂದಳಂತೆ. ಹೊಸ ರಿಬ್ಬನ್ನಿನಲ್ಲಿ ಇರುವುದು ಇಷ್ಟು: "ಯಾರದೋ ಅಪ್ಪನಿಗೆ, ಯಾರದೋ ಮಗಳಿಂದ." ಅವಳನ್ನು ಕರೆದುಕೊಂಡು ಹೋಗು. ಈ ಕಾಗದ ಒಲೆಗೆ ಹಾಕು. ಅವಳು ವಾಪಸು ಬಂದಾಗ ನಾನು ಏನೂ ತಿಳಿಯದವನ ಹಾಗೆ "ಅಜ್ಜ ಸಿಕ್ಕಿದ್ರಾ ಅಮ್ಮಾ?" ಎಂದು ಕೇಳುತ್ತೇನೆ. ಅಡುಗೆಮನೆಯ ಮೊಳೆಯನ್ನು ಇವತ್ತೇ ಕಿತ್ತುಬಿಡುತ್ತೇನೆ.