ತಣ್ಣಗಿದೆ ಎಂದ ಕೈ

ಹಾನ್‌ಮುಲ್, ಜೆಜು ದ್ವೀಪ, ದಕ್ಷಿಣ ಕೊರಿಯಾ
೧೭ ನವೆಂಬರ್ ೧೯೯೭, ಸೋಮವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಅಪ್ಪನ ಸೊಂಟನೋವು ಇಳಿಯಿತೇ? ಇಂಗ್ಲೆಂಡಿನಲ್ಲಿ ಈಗ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತಿರಬೇಕು, ನೀನು ಕಿಟಕಿಯ ಬಳಿ ನಿಂತು ಕತ್ತಲನ್ನು ಬೈಯುತ್ತಿರುತ್ತೀಯ. ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಕ್ಲಾಸು ತಪ್ಪಿಸುತ್ತಿಲ್ಲ, ಕೊರಿಯನ್ ವ್ಯಾಕರಣದ ಪರೀಕ್ಷೆಯಲ್ಲಿ ಕೂದಲೆಳೆಯ ಅಂತರದಲ್ಲಿ ಪಾಸಾದೆ. ಅಜ್ಜಿಯೂ ಚೆನ್ನಾಗಿದ್ದಾಳೆ ಎಂದು ಬರೆಯಬೇಕಾದ ಜಾಗ ಇದು. ಹೋದ ಮೂರು ಪತ್ರಗಳಲ್ಲೂ ಹಾಗೇ ಬರೆದಿದ್ದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಎಪ್ಪತ್ತಾರರ ಅಜ್ಜಿ ಈ ಚಳಿಗಾಲವೂ ಸಮುದ್ರಕ್ಕೆ ಇಳಿಯಬಹುದೇ? "ಹತ್ತಿರದಿಂದ ನೋಡುವವಳು ನೀನೊಬ್ಬಳೇ, ನೀನು ಹೂಂ ಅಂದರೆ ನಾನೂ ಹೂಂ ಅನ್ನುತ್ತೇನೆ" ಎಂದು ನೀನು ಬರೆದಿದ್ದೆ. ನಾನು ಹೂಂ ಎಂದು ಬರೆದೆ, ನೀನೂ ಅಂದೆ. ಈ ಗುರುವಾರದಿಂದ ನೀರಿನ ಸೆಳೆತ ಇಳಿಯುತ್ತದೆ, ಊರಿನ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಶಂಖ, ಆಕ್ಟೋಪಸ್ ಹಿಡಿಯಲು ಮುಳುಗುತ್ತಾರೆ, ಅಜ್ಜಿಯೂ ಹೊರಟಿದ್ದಾಳೆ. ಅಮ್ಮಾ, ನನ್ನ ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಲಿಕ್ಕೆ ಈ ಪತ್ರ. ಸುಮ್ಮನೆ ಹಾಗೆ ಹೇಳಿಬಿಟ್ಟರೆ ಇವಳಿಗೆ ಎಲೆ ಅಲ್ಲಾಡಿದರೂ ಭಯ ಎನ್ನುತ್ತೀಯ. ಅದು ಸುಳ್ಳೂ ಅಲ್ಲ. ಫೋನಿನಲ್ಲಾದರೆ ನಾನು ಮೊದಲು ಅಳುತ್ತೇನೆ, ಆಮೇಲೆ ಏನೂ ಇಲ್ಲ ಎಂದು ಇಟ್ಟುಬಿಡುತ್ತೇನೆ. ಹಾಸ್ಟೆಲಿನಲ್ಲಿ ಹತ್ತು ವರ್ಷ ಭಾನುವಾರದ ಪತ್ರ ಬರೆದು ಬೆಳೆದವಳಿಗೆ ಕಾಗದವೇ ಸರಿ. ಅದಕ್ಕೇ ಎಲ್ಲವನ್ನೂ ನಡೆದ ಹಾಗೆಯೇ ಬರೆಯುತ್ತೇನೆ, ಫ್ರೀಜರಿನಿಂದ ಶುರುಮಾಡಿ.

ನೀನು ಕೊಡಿಸಿದ ಆ ಆಳೆತ್ತರದ ಫ್ರೀಜರ್ ಗೊತ್ತಲ್ಲ, ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿರುವುದು. ಅದರೊಳಗೆ ಮೇಲಿಂದ ಕೆಳಗಿನವರೆಗೆ ಬರೀ ಕಪ್ಪು ಪ್ಲಾಸ್ಟಿಕ್ ಚೀಲಗಳು. ಒಂದರ ಮೇಲೂ ಹೆಸರಿಲ್ಲ. ಹೆಸರು ಬರೆದು ಅಂಟಿಸಲೇ ಎಂದರೆ ಅಜ್ಜಿ ನಗುತ್ತಾಳೆ: "ನನ್ನ ಕೈಗೆ ಕಣ್ಣಿದೆ ಕಣೇ. ಒತ್ತಿದ್ರೆ ಸಾಕು, ಆಕ್ಟೋಪಸ್ಸೋ ಅಕ್ಕಿ ಕಡುಬೋ ಗೊತ್ತಾಗುತ್ತೆ." ಹೋದ ತಿಂಗಳು ಆಕ್ಟೋಪಸ್ ಎಂದು ತೆಗೆದ ಚೀಲದಿಂದ ಕೆಂಪು ಹುರುಳಿ ಸುರಿಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವತ್ತೇ ನಾನು ಯೋಚಿಸಬೇಕಿತ್ತು.

ಪ್ರತಿದಿನ ಬೆಳಿಗ್ಗೆ ಅಜ್ಜಿ ಅದರ ಬಾಗಿಲು ತೆರೆದು, ಎಡಗೈ ಒಳಗಿಟ್ಟು, "ಶಿವೊನ್‌ಹೆ" ಎನ್ನುತ್ತಾಳೆ. ತಣ್ಣಗಿದೆ ಅಂತ. ಕುದಿಯುವ ಸಾರು ಕುಡಿದೂ ಅದನ್ನೇ ಅನ್ನುತ್ತಾಳೆ, ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಯೂ ಅದನ್ನೇ. ಹಿತವಾಗಿದ್ದರೆಲ್ಲ ಅವಳಿಗೆ ತಣ್ಣಗೇ. ನಾನು ಅರ್ಧ ಇಂಗ್ಲಿಷಿನವಳು, ಬಂದ ಹೊಸತರಲ್ಲಿ ಆ ಮಾತು ನಂಬಿ ಸಾರಿನಲ್ಲಿ ನಾಲಿಗೆ ಸುಟ್ಟುಕೊಂಡಿದ್ದೆ. ಆದರೂ ಫ್ರೀಜರಿನ ವಿಷಯದಲ್ಲಿ ನಂಬಿದೆ. ಫ್ರೀಜರ್ ಎದುರು ಆ ಮಾತಿಗೆ ಬೇರೆ ಅರ್ಥ ಇರಲು ಸಾಧ್ಯವೇ?

ಶನಿವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ತಣ್ಣಗಿದೆ ಎಂದು ಹೋದ ಮೇಲೆ ನೋಡುತ್ತೇನೆ, ನೆಲದ ಮೇಲೆ ನೀರು. ಬಾಗಿಲು ತೆರೆದರೆ ವಾಸನೆ. ಡಿಸೆಂಬರಿನಲ್ಲಿ ತಾತನ ತಿಥಿಗೆಂದು ಎತ್ತಿಟ್ಟಿದ್ದ ಕೆಂಪು ಮೀನು ಬೆರಳಿಟ್ಟರೆ ತಗ್ಗು ಬೀಳುವಷ್ಟು ಮೆತ್ತಗಾಗಿತ್ತು. ಗಾಳಿಗೆ ಹಡಗು ನಿಂತಿದ್ದರಿಂದ ಆಚೆ ದಡದ ರಿಪೇರಿಯವನು ಮಂಗಳವಾರದವರೆಗೆ ಬರುವುದಿಲ್ಲ ಎಂದರು. ನಾನು ಕೈಪಿಡಿ ತೆಗೆದುಕೊಂಡು ನೆಲದ ಮೇಲೆ ಕೂತೆ. ಒಳಗೆ ದೀಪ ಉರಿಯುತ್ತಿತ್ತು, ಅಂದರೆ ಕರೆಂಟು ಇದೆ. ಹಿಂದಿನಿಂದ ಮೋಟಾರಿನ ಗೊರಗೊರ ಇತ್ತು, ಅಂದರೆ ಅದು ಸತ್ತಿಲ್ಲ. ನೋಟ್‌ಬುಕ್ಕಿನ ಒಂದು ಹಾಳೆಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಬೇಕಂತೆ. ಮೇಲೆಲ್ಲ ಬಿಗಿಯಾಗಿ ಹಿಡಿದಿತ್ತು, ಕೆಳಗಿನ ಮೂಲೆಯಲ್ಲಿ ಬೆಣ್ಣೆಯಿಂದ ಕೂದಲು ಎಳೆದಂತೆ ಬಂತು. ಅಲ್ಲಿ ರಬ್ಬರ್ ಪಟ್ಟಿಯ ಮೇಲೆ ಉಪ್ಪು, ಮೀನಿನ ಪೊರೆ ಗಟ್ಟಿಯಾಗಿ ಕೂತಿದ್ದವು. ಬೆಚ್ಚಗಿನ ನೀರಿನಲ್ಲಿ ಒರೆಸಿದ ಮೇಲೆ ಹಿಡಿಯಿತು. ಫ್ರೀಜರಿನ ಬೆನ್ನಿಗೆ ಒತ್ತಿ ಪೇರಿಸಿದ್ದ ಕಿತ್ತಳೆ ಹಣ್ಣಿನ ಡಬ್ಬಗಳನ್ನು ಸರಿಸಿ ಧೂಳು ಗುಡಿಸಿದೆ. ಬಾಗಿಲು ಮುಚ್ಚಿದೆಯೆಂದು ಅದಕ್ಕೆ ತಿಳಿಸುವ ಗುಂಡಿಯನ್ನು ಬೆರಳಿನಿಂದ ಒತ್ತಿಹಿಡಿದೆ, ಒಳಗಿನ ಫ್ಯಾನ್ ತಿರುಗಬೇಕಿತ್ತು. ಕರಕರ ಎಂದು ಒಮ್ಮೆ ಕೆರೆದು ನಿಂತುಹೋಯಿತು. ಒಳಗಡೆ ಹಿಂಬದಿಯ ತಗಡಿನ ಮೇಲೆ ಹಿಮ ಅಂಗೈ ದಪ್ಪ ಬೆಳೆದು ಫ್ಯಾನನ್ನೇ ನುಂಗಿತ್ತು, ತಣ್ಣನೆಯ ಗಾಳಿ ಚೀಲಗಳವರೆಗೆ ಬರುತ್ತಲೇ ಇರಲಿಲ್ಲ. ಬಾಗಿಲಿನ ಸಂದಿಯಿಂದ ತಿಂಗಳುಗಟ್ಟಲೆ ತೇವದ ಗಾಳಿ ಒಳಗೆ ಹೋಗಿ ಹೀಗಾಗಿದೆ. ಒಳಗೆ ಅಷ್ಟು ಹಿಮ ಇದ್ದೂ ಮೀನು ಕರಗುವುದು, ಇದೆಂಥ ವಿಚಿತ್ರ ನೋಡು.

ಪಕ್ಕದ ಮನೆಯ ಬು ಮಾಲ್‌ಸುನ್ ಸಮ್‌ಚುನ್ (ಹಿರಿಯರು ಯಾರೇ ಆಗಲಿ ಇಲ್ಲಿ ಎಲ್ಲರೂ ಸಮ್‌ಚುನ್ ಎಂಬುದು ನಿನಗೆ ಹೇಳಬೇಕೇ) ಬಂದು ಚೀಲಗಳನ್ನು ತನ್ನ ಫ್ರೀಜರಿಗೆ ಸಾಗಿಸಿದಳು. ಮುಳುಗುವ ಹೆಂಗಸರ ಮುಖ್ಯಸ್ಥೆ ಈಗ ಅವಳೇ. ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು, ಪಾತ್ರೆಯಲ್ಲಿ ಬಿಸಿನೀರು ಇಟ್ಟು ಹಿಮ ಕರಗಿಸಲು ಕೂತೆವು. ಅಷ್ಟಕ್ಕೆ ಅಜ್ಜಿ ಶಂಖ ಕೀಳುವ ತನ್ನ ಕೊಕ್ಕೆ ಹಿಡಿದುಕೊಂಡು ಬಂದಳು. "ಸರಿ ಆ ಕಡೆ! ಬಂಡೆಯನ್ನೇ ಬಿಡಿಸಿದೀನಿ, ಇದ್ಯಾವ ಮಹಾ!" ಒಳಗಿನ ಕೊಳವೆ ತೂತಾದರೆ ಫ್ರೀಜರ್ ಸತ್ತಂತೆ ಎಂದು ಕಿರುಚಿ ಅಡ್ಡ ನಿಂತೆ. ಸಮ್‌ಚುನ್ ಗೊಳ್ಳೆಂದಳು: "ನೋಡೇ, ನಿನ್ನ ಮೊಮ್ಮಗಳಿಗೆ ಬಾಯಿ ಬಂತು!" ಅದಕ್ಕೆ ಅಜ್ಜಿ ನನ್ನ ಹೆಸರು ಹಿಡಿದು ಆಡಿದಳು: "ನಾನು ಹಿಡಿದ ಸೊರಾ ಶಂಖಗಳೆಲ್ಲ ಬಿಸಿನೀರಿಗೆ ಹಾಕಿದ್ರೆ ಹೊರಗೆ ಬರ್ತವೆ. ಈ ಸೊರಾ ಹೊರಗೆ ಬರೋಕೆ ಹತ್ತೊಂಬತ್ತು ವರ್ಷ ಹಿಡೀತು."

ಕೊಕ್ಕೆ ಬಿಟ್ಟು, ಕೈಯ ಬಿಸಿಯೇ ಸಾಕೆಂದು ಅಜ್ಜಿ ಎಡ ಅಂಗೈಯನ್ನು ಹಿಮಕ್ಕೆ ಒತ್ತಿ ಕೂತು, ನೀನು ಐದು ವರ್ಷದವಳಿದ್ದಾಗ ದೋಣಿಯ ಕೆಳಗೆ ಬಚ್ಚಿಟ್ಟುಕೊಂಡ ಕಥೆ ಹೇಳತೊಡಗಿದಳು. ಇಡೀ ಊರು ಹುಡುಕಿದ್ದು, ತಾತ ಬಾವಿಗೆ ಇಳಿದದ್ದು, ಕೊನೆಗೆ ಹಸಿವಾಗಿ ನೀನೇ ಹೊರಬಂದದ್ದು, ಎಲ್ಲವೂ ಮುಗಿಯಿತು. ಕೈ ಹಾಗೇ ಇತ್ತು. ಪಕ್ಕದಲ್ಲಿ ನನ್ನ ಕೈ ಇಟ್ಟೆ, ಹತ್ತು ಎಣಿಸುವಷ್ಟರಲ್ಲಿ ಮೂಳೆ ಸೀಳಿದಂತಾಗಿ ತೆಗೆದುಬಿಟ್ಟೆ. ಆಗ ಸಮ್‌ಚುನ್ ಹಿಮದ ಮೇಲೆ ಕೆಟಲ್ಲಿನಿಂದ ಬಿಸಿನೀರು ಸುರಿದಳು. ನೀರು ಹರಿದು ಅಜ್ಜಿಯ ಎಡಗೈಯ ಮೇಲೆಯೇ ಬಿತ್ತು. ಹಬೆ ಏಳುತ್ತಿತ್ತು, ಅಮ್ಮಾ. ಅಜ್ಜಿ ಕೈ ಎಳೆದುಕೊಳ್ಳಲಿಲ್ಲ. ಕಥೆಯ ಕೊನೆಯ ಸಾಲು ಹೇಳಿ ನಗುತ್ತಿದ್ದಳು. ನಾನು ಕೂಗಿದ ಮೇಲೆ ಕೈ ನೋಡಿಕೊಂಡು, ನನ್ನನ್ನು ನೋಡಿ, "ತಣ್ಣಗಿದೆ" ಅಂದಳು.

ಚರ್ಮ ಕೆಂಪಾಗಿ ಗುಳ್ಳೆ ಎದ್ದಿತು. ನಾನು ತಣ್ಣೀರಿನ ಬಕೆಟ್ ತರುವಷ್ಟರಲ್ಲಿ ಹುದುಗಿಸಿದ ಸೋಯಾ ಮುದ್ದೆ ಬಳಿದುಕೊಂಡು ಕೂತಿದ್ದಳು. ಕಣ್ಣು ಮುಚ್ಚಿಸಿ ಅವಳ ಕಿರುಬೆರಳು ಹಿಡಿದು, ಯಾವ ಬೆರಳು ಹೇಳು ಅಂದೆ. ಹೆಬ್ಬೆರಳು ಅಂದಳು. ಇನ್ನೊಮ್ಮೆ ಏನನ್ನೂ ಮುಟ್ಟದೆ ಕೇಳಿದೆ. ನಡುಬೆರಳು ಅಂದಳು. ಆಮೇಲೆ ರೇಗಿದಳು: "ಮುಟ್ಟಾಟ ಆಡೋ ವಯಸ್ಸೇನೇ ನಂದು? ಸುಗ್ಗಿ ಹಬ್ಬದಿಂದ ಸ್ವಲ್ಪ ಮರಗಟ್ಟಿದೆ ಅಷ್ಟೆ. ನೀರಿಗಿಳಿದ್ರೆ ಸರಿಹೋಗುತ್ತೆ." ನೀರಿನಡಿಯಲ್ಲಿ ಬಂಡೆಯ ಸಂದಿಗೆ ಅವಳು ತೂರಿಸುವುದು ಎಡಗೈಯನ್ನೇ. ಅದು ಅಲ್ಲಿ ಸಿಕ್ಕಿಕೊಂಡರೆ ಅವಳಿಗೆ ಗೊತ್ತಾಗುವುದು ಮೇಲೆ ಬರಲು ಹೊರಟಾಗ. ಉಸಿರು ಮುಗಿದಾಗ.

ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಅವಳನ್ನು ದೋಣಿ ಹತ್ತಿಸಬೇಡಿ ಎಂದು ಸಮ್‌ಚುನ್‌ಗೆ ಕೈಮುಗಿದು ಹೇಳಿದೆ. ಅವಳ ಮುಖವೂ ಇಳಿದಿತ್ತು, ಆದರೂ ಹೀಗಂದಳು: "ನೀನು ಬಂದು ಎಂಟು ತಿಂಗಳು ಮಗಾ. ನಿನ್ನ ಮಾತಿಗೆ ಅವಳನ್ನ ದಡದಲ್ಲಿ ಕೂರಿಸಿದ್ರೆ ಸಾಯೋವರೆಗೂ ನನ್ನ ಮುಖ ನೋಡಲ್ಲ. ಹೂಂ ಅಂದವಳು ಮಗಳು. ಬೇಡ ಅನ್ನೋದೂ ಅವಳೇ ಅನ್ಲಿ, ಬುಧವಾರದೊಳಗೆ. ಆಮೇಲೆ ದೋಣಿ ಹತ್ತಿಸದಿರೋದು ನನಗಿರ್ಲಿ."

ಫ್ರೀಜರ್ ಸರಿಹೋಯಿತು. ಪೂರ್ತಿ ಒಣಗಿಸಿ, ಚೀಲಗಳನ್ನು ವಾಪಸ್ಸು ತಂದು ಗಾಳಿಯ ಕಿಂಡಿಗೆ ತಾಗದಂತೆ ಜೋಡಿಸಿದೆ. ಮಾರನೆಯ ದಿನ ಒಳಗಿಟ್ಟ ಬಟ್ಟಲಿನ ನೀರು ಕಲ್ಲಾಗಿತ್ತು. ತಿಥಿಯ ಮೀನಿಗೆ ಅಜ್ಜಿ ಉಪ್ಪು ಸವರಿ ಗಾಳಿಗೆ ಕಟ್ಟಿದ್ದಾಳೆ, ಕೆಡುವುದಿಲ್ಲವಂತೆ. ಪತ್ರ ಬರೆಯುತ್ತಿದ್ದೇನೆಂದು ಅವಳಿಗೆ ಗೊತ್ತು. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಬರೆಯಲು ಹೇಳಿದ್ದಾಳೆ. ಕೈಯ ವಿಷಯ ಬರೆದರೆ ನನ್ನ ಜೊತೆ ಮಾತಿಲ್ಲ ಎಂದೂ ಹೇಳಿದ್ದಾಳೆ. ಅಪ್ಪನಿಗೆ ನನ್ನ ಮುತ್ತು ಕೊಡು, ಮೆಟ್ಟಿಲ ಮೇಲೆ ನಿಧಾನ ಎನ್ನು.

ನಿನ್ನ ಹೆದರುಪುಕ್ಕಲಿ,
ಸೊರಾ

ತಾ.ಕ.: ಹಾಸ್ಟೆಲಿನಲ್ಲಿ ಮೇಟ್ರನ್ ಓದಿ ಸಹಿ ಹಾಕಿದ ಮೇಲೆ ಕೆಳಗೆ ಗೀಚುತ್ತಿದ್ದೆನಲ್ಲ, ಹಾಗೆಯೇ ಇದು. ಅಂಚೆ ಕಚೇರಿಯಲ್ಲಿ ನಿಂತು ಬರೆಯುತ್ತಿದ್ದೇನೆ, ಅಪ್ಪನ ಆಫೀಸಿಗೆ ಫ್ಯಾಕ್ಸ್ ಮಾಡಿಸುತ್ತೇನೆ. ಸಿಕ್ಕ ಕೂಡಲೇ ಸಮ್‌ಚುನ್‌ಗೆ ಫೋನ್ ಮಾಡಿ ಬೇಡ ಎನ್ನು. ನಾನು ಅಜ್ಜಿಯ ಮುಳುಗುವ ಕನ್ನಡಕ ಕದ್ದಿದ್ದೇನೆ. ಕಪ್ಪು ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ, ಚೀಲಗಳ ನಡುವೆ ಇಟ್ಟಿದ್ದೇನೆ. ಎಡಗೈಯಲ್ಲಿ ಎಷ್ಟು ಒತ್ತಿದರೂ ಅವಳಿಗೆ ಸಿಗುವುದಿಲ್ಲ ಎಂದು ಧೈರ್ಯವಾಗಿದ್ದೆ. ಇವತ್ತು ಬೆಳಿಗ್ಗೆ ಬಾಗಿಲ ಸಂದಿಯಿಂದ ನೋಡಿದೆ. ಚೀಲಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು, ಬಲಗೈಯಲ್ಲಿ.