ಕಾರಿನ ಕಿಟಕಿಯಲ್ಲಿ ಹಸಿರು ಬಳೆ

ಸ್ಟರ್ಲಿಂಗ್ ಹೈಟ್ಸ್,
ಭಾನುವಾರ

ರಘೋತ್ತಮ ಅಂಕಲ್‌ಗೆ ಚೇತನಾಳ ನಮಸ್ಕಾರಗಳು.

ಲೊಂಬಾರ್ಡಿನ ಪ್ರದರ್ಶನದಲ್ಲಿ ನೀವು ಜೋಡಿಸಿಟ್ಟ ಹಳೆಯ ಪೋಸ್ಟ್‌ಕಾರ್ಡುಗಳನ್ನು ನೋಡಿ ನಿನ್ನೆ ಮನೆಗೆ ಬಂದೆವು. ಕಾರಿನಲ್ಲೇ ಕೂತು ತಿನ್ನುವ ಆ ಡ್ರೈವ್-ಇನ್ ಹೋಟೆಲುಗಳ ಮೊದಲ ಶಾಖೆ ತೆರೆದಂದಿನಿಂದ ಕೊನೆಯದನ್ನು ಮುಚ್ಚುವವರೆಗಿನ ಕಥೆಯೆಲ್ಲ ಕಾರ್ಡುಗಳಲ್ಲೇ ಇತ್ತು. ಅಪ್ಪನನ್ನು ನಾನೇ ಒತ್ತಾಯ ಮಾಡಿ ಅಲ್ಲಿಗೆ ಕರೆದೊಯ್ದಿದ್ದೆ. ಅವ್ವ ತೀರಿಕೊಂಡ ಈ ಎರಡು ವರ್ಷದಲ್ಲಿ ಅವರು ಅವಳ ಹೆಸರೇ ಎತ್ತಿರಲಿಲ್ಲ.

೧೯೭೪ರ ಡೆಟ್ರಾಯ್ಟ್ ಶಾಖೆಯ ಕಾರ್ಡಿನ ಮುಂದೆ ನಿಂತ ಅಪ್ಪ ಕದಲಲೇ ಇಲ್ಲ. ನೀಲಿ ಕಾರಿನ ಕಿಟಕಿಯಿಂದ ಒಂದು ಕೈ ಟ್ರೇ ಕಡೆಗೆ ಚಾಚಿದೆ. ಒಳಗೆ ಎರಡು ನೆರಳು; ಮುಖ ಕಾಣುವುದಿಲ್ಲ, ಕೈತುಂಬ ಹಸಿರು ಬಳೆ ಮಾತ್ರ.

“ನಿಮ್ಮವ್ವನ ಕೈ ಇದು,” ಅಂದರು. “ಕುಬಸಾ ಮಾಡಿ ಬಳಿ ತೊಡಿಸಿದ ಮರುದಿನಾನ ಹೋಗಿದ್ವಿ. ನೀ ಹೊಟ್ಟ್ಯಾಗಿದ್ದಿ. ಕರದ ಆಲೂಗಡ್ಡಿ ಬೇಕಂತ ಹಟಾ ಹಿಡಿದಿದ್ಲು.”

ಅಲ್ಲಿಂದ ಮನೆಯವರೆಗೆ, ಮುನ್ನೂರು ಮೈಲಿ, ಅವ್ವನದೇ ಮಾತು. ಕಾರು ಓಡಿಸುತ್ತಿದ್ದ ನಾನು ಹೆದ್ದಾರಿಯಿಂದ ಇಳಿಯಬೇಕಾದ ಒಂದು ಎಕ್ಸಿಟ್ ತಪ್ಪಿಸಿದೆ, ಬೇಕೆಂದೇ. ಈ ಉಪಕಾರ ಮರೆಯುವಂಥದ್ದಲ್ಲ, ಅಂಕಲ್.

ಒಂದೇ ಒಂದು ಕೋರಿಕೆ. ಆ ಕಾರ್ಡಿನ ಕೆಳಗೆ ನೀವು ‘ನೀಲಿ ಕಾರಿನಲ್ಲಿ ಇಬ್ಬರು ಗಿರಾಕಿಗಳು’ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ‘ಮೂವರು’ ಎಂದು ತಿದ್ದುವಿರಾ?

ನಿಮ್ಮ,
ಚೇತನಾ ಕಲ್ಲಿನಾಥ